ಮುಕ್ಕಾಲಿನ ಮಗ್ಗಿ

ನನ್ನ ಮಗಳು ನಿರ್ಮಲಳಿಗೆ ಲೆಕ್ಕ ತಲೆಗೆ ಹತ್ತುವುದಿಲ್ಲ ಎಂದು ನನ್ನ ಮಾವ ಬೋರಣ್ಣನವರು ತೀರ್ಪು ಕೊಟ್ಟದ್ದು ಎಪ್ಪತ್ತೆಂಟನೇ ಇಸವಿಯ ಬೇಸಿಗೆಯಲ್ಲಿ. ನೆನೆಸಿಕೊಂಡರೆ ಈಗಲೂ ನನಗೆ ಮೈ ಉರಿಯುತ್ತದೆ.

ನಾವಿದ್ದದ್ದು ದಾವಣಗೆರೆಯಲ್ಲಿ. ನನ್ನ ಗಂಡನಿಗೆ ಹತ್ತಿ ಗಿರಣಿಯಲ್ಲಿ ಕೆಲಸ. ಮಾವನವರು ಕೊಕ್ಕನೂರಲ್ಲಿ ಹೊಲ ನೋಡಿಕೊಂಡಿದ್ದರು. ಹರಿಹರದಲ್ಲಿ ಬಸ್ಸು ಬದಲಿಸಿ ಆಗಾಗ ಬರುವರು. ಬಂದರೆ ಮನೆಯಲ್ಲಿ ಅವರ ಮಾತೇ ಮಾತು, ನನ್ನ ಗಂಡ ಕೆಮ್ಮುವುದಕ್ಕೂ ಅಪ್ಪನ ಮುಖ ನೋಡುತ್ತಿದ್ದ. ಏಳನೇ ಕ್ಲಾಸು ಪಾಸಾದ ನಿರ್ಮಲಳನ್ನು ಹೈಸ್ಕೂಲಿಗೆ ಕಳಿಸುವುದೋ, ಅಜ್ಜನ ಜೊತೆ ಊರಿಗೆ ಕಳಿಸಿ ಮನೆಗೆಲಸಕ್ಕೆ ಹಚ್ಚುವುದೋ ಎಂಬುದು ಆ ಸಲ ಇತ್ಯರ್ಥವಾಗಬೇಕಿತ್ತು.

ಮಾವ ಹಳೇ ಕಾಲದ ಮಠದ ಶಾಲೆಯಲ್ಲಿ ಕಲಿತವರು. ಕಾಲು, ಅರ್ಧ, ಮುಕ್ಕಾಲಿನ ಮಗ್ಗಿಗಳೆಲ್ಲ ಬಾಯಿಪಾಠ. ಬೆಳಿಗ್ಗೆ ಮೈಮೇಲೆ ನೀರು ಸುರಿದುಕೊಳ್ಳುತ್ತ, ದೇವರ ನಾಮದ ಬದಲು ಅವನ್ನೇ ರಾಗವಾಗಿ ಹೇಳುವರು. ಪಕ್ಕದ ಮನೆಯ ಅಮೀನಾಬೀಯ ಮಕ್ಕಳು ಕಾಂಪೌಂಡಿನ ಆಚೆ ನಿಂತು ಅದೇ ರಾಗದಲ್ಲಿ ಅಣಕಿಸುವರು.

ಅವತ್ತು ಜಗಲಿಯ ಮೇಲೆ ನಿರ್ಮಲಳ ಸ್ಲೇಟು ಅವರ ಕಣ್ಣಿಗೆ ಬಿತ್ತು. ಹನ್ನೆರಡನ್ನು ಮುಕ್ಕಾಲಿನಿಂದ ಗುಣಿಸಿ ಒಂಬತ್ತು ಎಂದು ಬರೆದಿದ್ದಳು. ಗುಣಿಸಿದ ಮೇಲೆ ಹೆಚ್ಚಬೇಕು, ಈ ಹುಡುಗಿ ಇದ್ದದ್ದನ್ನೂ ಕಳೆದು ಕೂತಿದ್ದಾಳೆ ಎಂದು ಮಾವ ತಲೆ ಚಚ್ಚಿಕೊಂಡರು. ಓದಿದ್ದು ಸಾಕು, ನಾಳೆಯೇ ಬಟ್ಟೆ ಕಟ್ಟಲಿ ಎಂದರು. ನನ್ನ ಗಂಡ ನೆಲ ನೋಡುತ್ತ ನಿಂತ. ನಾನು ಲಟ್ಟಣಿಗೆ ಹಿಡಿದೇ ಹೊರಗೆ ಬಂದೆ. ಬಾಯಿ ತೆರೆಯುವಷ್ಟರಲ್ಲಿ ನನ್ನ ಮಗಳೇ ಮುಂದೆ ಬಂದಳು.

"ಅಜ್ಜ, ಹನ್ನೆರಡು ಮುಕ್ಕಾಲು ಎಷ್ಟು?"

"ಒಂಬತ್ತು," ಎಂದುಬಿಟ್ಟರು ಮಾವ, ಯೋಚನೆಯನ್ನೇ ಮಾಡದೆ. ಆಮೇಲೆ ಬಾಯಿ ಹಾಗೇ ತೆರೆದಿತ್ತು. ಆಯುಷ್ಯವಿಡೀ ರಾಗ ಹಾಕಿದ ಮಗ್ಗಿ ಗುಣಾಕಾರವೇ ಎಂಬುದು ಆ ಮನುಷ್ಯನಿಗೆ ಒಂದು ದಿನವೂ ಹೊಳೆದಿರಲಿಲ್ಲ!

ನಿರ್ಮಲ ನಗಲಿಲ್ಲ. ಪಕ್ಕದಲ್ಲಿ ಕೂತು ತಿಳಿಸಿ ಹೇಳಿದಳು. "ಹನ್ನೆರಡು ಮಂದಿಗೆ ತಲೆಗೊಂದು ರೊಟ್ಟಿ ಹಾಕಿದ್ರೆ ಹನ್ನೆರಡು ಬೇಕು. ಮುಕ್ಕಾಲು ಮುಕ್ಕಾಲು ಹಾಕಿದ್ರೆ ಅಷ್ಟು ಯಾಕ ಬೇಕು ಅಜ್ಜ? ಒಂದಕ್ಕಿಂತ ಕಮ್ಮೀಲಿಂದ ಗುಣಿಸಿದ್ರೆ ಕಮ್ಮಿನೇ ಬರ್ತೈತೆ. ಒಂದೂಕಾಲು ಹಾಕಿ ನೋಡು, ಹೆಚ್ಚಾಗ್ತೈತೆ."

ಮಾವ ಬೆರಳು ಮಡಚುತ್ತ ಬಹಳ ಹೊತ್ತು ಕೂತರು. ಹದಿನೈದು, ಎಂದು ತಮಗೆ ತಾವೇ ಹೇಳಿಕೊಂಡರು. ನಂತರ ಅರ್ಧದ್ದನ್ನು ಅವಳು ಕೇಳುವ ಮೊದಲೇ, ಕಮ್ಮಿ ಬರುತ್ತದೆ, ಆರು, ಎಂದರು. ತಪ್ಪಾಯಿತು ಎಂಬ ಮಾತು ಮಾತ್ರ ಬರಲಿಲ್ಲ. ಊಟಕ್ಕೆ ಬಡಿಸು ಎಂದರು, ಉಂಡು ಮಲಗಿದರು. ಬಟ್ಟೆ ಕಟ್ಟುವ ಮಾತು ಹಾಗೇ ಉಳಿಯಿತು.

ಮರುದಿನ ಬೆಳಿಗ್ಗೆ ಮಾವ ರುಮಾಲು ಸುತ್ತಿ ಬಾಗಿಲಲ್ಲಿ ನಿಂತರು. ನಿರ್ಮಲಳ ಕೈ ಹಿಡಿದಿದ್ದರು. ಊರಿಗೇ ಹೊರಟರು ಎಂದುಕೊಂಡೆ. ಆದರೆ ಅವರು ತಿರುಗಿದ್ದು ಬಸ್ ಸ್ಟ್ಯಾಂಡಿನ ಕಡೆಗಲ್ಲ, ಹೈಸ್ಕೂಲಿನ ಕಡೆಗೆ. ಅಡುಗೆ ಬಿಟ್ಟು ನಾನೂ ಓಡಿದೆ. ಹುಡುಗಿ ಲೆಕ್ಕದಲ್ಲಿ ಹೇಗೆ ಎಂದು ಹೆಡ್ಮಾಸ್ಟರು ಕೇಳಿದರು.

ಮಾವ ರುಮಾಲು ಸರಿ ಮಾಡಿಕೊಂಡು, ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದರು: "ಹೆಂಗೆ ಅಂತ ಕೇಳ್ತೀರಾ? ಈ ವಯಸ್ಸಿನಾಗೆ ನನಗೇ ಕಲಿಸ್ಯಾಳೆ, ಬರ್ಕೊಳ್ರಿ ಹೆಸರು."