ಕೆನೆಬಣ್ಣದ ಸೀಟು

ಅಪ್ಪ ಸೀಟು ಒರೆಸಿದರೆ ಅದರ ಮೇಲೆ ಕೂತ ನೊಣವೂ ಕಾಲು ಜಾರಿ ಬೀಳುತ್ತದೆ ಎಂದು ಪಕ್ಕದ ಟೈರ್ ಅಂಗಡಿಯವನು ತಮಾಷೆ ಮಾಡುತ್ತಿದ್ದ. ಅಪ್ಪನಿಗೆ ಆ ತಮಾಷೆ ಹಿಡಿಸುತ್ತಿರಲಿಲ್ಲ.

"ಜಾರೋ ಸೀಟು ಕೆಟ್ಟ ಕೆಲಸ ಕಣಯ್ಯಾ. ಕ್ರೀಮು ಮೆತ್ತಿದವನ ಸೀಟು ಜಾರುತ್ತೆ. ನನ್ನ ಸೀಟಿನ ಮೇಲೆ ನೊಣ ಕೂತ್ರೆ ಅದಕ್ಕೆ ನಿದ್ದೆ ಬರಬೇಕು."

ಆ ಬೀದಿಯಲ್ಲಿ ಅವನಿಗೆ ಸೀಟ್ ಮೇಷ್ಟ್ರು ಎಂದೇ ಹೆಸರು. ಕಾರು ತೊಳೆಯುವ ಶೆಡ್ಡನ್ನು ಈಗ ನೋಡಿಕೊಳ್ಳುವವನು ಮಗ. ಅವನು ಹೊರಗೆ ಪೈಪು ಹಿಡಿದು ಕೆಸರು ತೊಳೆಯುತ್ತಾನೆ. ಒಳಗಿನ ಚರ್ಮದ ಸೀಟುಗಳು ಅಪ್ಪ ಮತ್ತು ಮಗಳ ಪಾಲು. ಮಗಳು ಶಾಲೆ ಬಿಟ್ಟಾಗಿನಿಂದ ಅಪ್ಪನ ಪಕ್ಕದಲ್ಲೇ ಕೂತು ಕೆಲಸ ಕಲಿತವಳು. ಬಾಯಿಗಿಂತ ಕಣ್ಣಿಗೇ ಕೆಲಸ ಹೆಚ್ಚು ಕೊಡುವ ಸ್ವಭಾವ. ಗಿರಾಕಿ ಎದುರು ಬಂದರೆ ಕಾರಿನೊಳಗೆ ಇನ್ನಷ್ಟು ಬಗ್ಗಿಬಿಡುತ್ತಾಳೆ. ಅಣ್ಣ ಅವಳನ್ನು ಮೂಗಮ್ಮ ಎಂದೇ ಕರೆಯುವುದು.

ಅಪ್ಪ ಕಲಿಸಿದ್ದೆಲ್ಲ ಅವಳ ಬೆರಳ ತುದಿಯಲ್ಲಿದೆ. ಮೊದಲು ಹೊಲಿಗೆಯ ಸಂದಿನ ಧೂಳು ತೆಗೆಯಬೇಕು, ಇಲ್ಲದಿದ್ದರೆ ಒರೆಸುವಾಗ ಅದೇ ಮರಳುಕಾಗದವಾಗಿ ಚರ್ಮವನ್ನು ಗೀರುತ್ತದೆ. ನೊರೆಯನ್ನು ಬ್ರಷ್ಷಿಗೆ ಹಾಕಬೇಕೇ ಹೊರತು ಸೀಟಿಗಲ್ಲ. ಒದ್ದೆ ಬಟ್ಟೆಯನ್ನು ಹಿಂಡಿ ಹಿಂಡಿ ನೀರು ಬಾರದ ಹಾಗೆ ಮಾಡಿಕೊಂಡು, ಮಗುವಿನ ಮುಖ ಒರೆಸಿದಂತೆ ಒರೆಸಬೇಕು. ನೆರಳಲ್ಲಿ ಆರಿದ ಮೇಲೆ ಚೂರೇ ಚೂರು ಕ್ರೀಮು. "ಚರ್ಮಕ್ಕೆ ಹಸಿವಾಗುತ್ತೆ, ಆದ್ರೆ ಅದು ಹೊಟ್ಟೆಬಾಕ ಅಲ್ಲ," ಎನ್ನುತ್ತಿದ್ದ ಅಪ್ಪ.

ಈ ಯಾವುದನ್ನೂ ಅಪ್ಪನ ಕೈ ಇವತ್ತಿಗೂ ಮರೆತಿಲ್ಲ. ಅದೇ ಹದ, ಅದೇ ಮೆಲ್ಲಗಿನ ಸುತ್ತು. ಕೆಲಸ ಮುಗಿಯಿತು ಎನ್ನುವುದನ್ನು ಮಾತ್ರ ಮರೆಯುತ್ತಾನೆ. ಸೀಟು ಒರೆಸಿ, ಬಟ್ಟೆ ತೊಳೆಯಲು ನಲ್ಲಿಗೆ ಹೋಗುತ್ತಾನೆ. ವಾಪಸು ಬರುವಷ್ಟರಲ್ಲಿ ಆ ಕಾರು ಅವನಿಗೆ ಈಗಷ್ಟೇ ಬಂದ ಕಾರು. ಮತ್ತೆ ಧೂಳು, ಮತ್ತೆ ನೊರೆ, ಮತ್ತೆ ಬಟ್ಟೆ. ಒಂದೊಂದು ಸಲದ ಕೆಲಸವನ್ನು ಬಿಡಿಯಾಗಿ ನೋಡಿದರೆ ಬೆರಳಿಟ್ಟು ತೋರಿಸುವಂಥ ತಪ್ಪಿಲ್ಲ. ಆದರೆ ಯಾವ ಚರ್ಮ ತಾನೇ ದಿನವಿಡೀ ಮುಖ ತೊಳೆಸಿಕೊಂಡೀತು?

ಹಾಗೆಯೇ ಒಬ್ಬ ಕಂಟ್ರಾಕ್ಟರನ ಕಾರಿನ ಸೀಟು ಬಣ್ಣ ಬಿಟ್ಟಿತು. ಆತ ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿ ಹೋದ. ಅಂದು ರಾತ್ರಿ ಅನ್ನದ ತಟ್ಟೆಯ ಮುಂದೆ ಕೂತಾಗ ಅಣ್ಣ ತಂಗಿಗೆ ಹೇಳಿದ: "ಇನ್ನೊಂದು ಸೀಟು ಹಾಳಾದ್ರೆ ಅಪ್ಪ ಶೆಡ್ಡಿಗೆ ಬರೋದು ಬೇಡ. ಮನೇಲಿ ಬಿಟ್ಟು ಬೀಗ ಹಾಕ್ಕೊಂಡು ಹೋಗೋಣ. ನನ್ನ ಮುಖ ನೋಡಬೇಡ, ಬೇರೆ ದಾರಿ ಇದ್ರೆ ನೀನೇ ಹೇಳು."

ಅವಳಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಬೀಗ ಹಾಕಿದರೆ ಏನಾಗುತ್ತದೆ ಎನ್ನುವುದು ಮಾತ್ರ ಗೊತ್ತಿತ್ತು. ಒಮ್ಮೆ ಹಾಗೆ ಮಾಡಿ ನೋಡಿದ್ದರು. ಸಂಜೆ ಬಂದಾಗ ಅಪ್ಪ ಕಿಟಕಿಯ ಸರಳು ಹಿಡಿದು ನಿಂತಿದ್ದ. ಹೆಗಲ ಮೇಲೆ ಒರೆಸುವ ಬಟ್ಟೆ. ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆಕರೆದು, "ಸ್ವಲ್ಪ ಬಾಗಿಲು ತೆಗೀತೀರಾ, ಕೆಲಸಕ್ಕೆ ಹೊತ್ತಾಯ್ತು," ಎಂದು ಕೇಳಿದನಂತೆ. ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು.

ಅಣ್ಣ ಹಾಗೆಂದ ದಿನದಿಂದ ಅವಳು ಅಪ್ಪನಿಗೆ ನೆರಳಾದಳು. ನೊರೆಯ ಬಾಟಲಿಗೆ ಬರೀ ನೀರು ತುಂಬಿಟ್ಟಳು. ಗಟ್ಟಿ ಬ್ರಷ್ಷುಗಳನ್ನೆಲ್ಲ ಅಡಗಿಸಿದಳು. ಒರೆಸಿ ಮುಗಿದ ಸೀಟಿಗೆ ಬಿಳಿ ಬಟ್ಟೆ ಹೊದಿಸಿ ನೋಡಿದಳು. ಅಪ್ಪ ಅದನ್ನು ಕಿತ್ತೆಸೆದು, "ಒದ್ದೆ ಚರ್ಮಕ್ಕೆ ಹೊದಿಕೆ ಹಾಕ್ತಾರೇನೇ, ಬೂಷ್ಟು ಹಿಡಿಯುತ್ತೆ," ಎಂದು ಗದರಿದ. ಅದೂ ಸರಿಯೇ. ಕೊನೆಗೆ ಉಳಿದದ್ದು ಒಂದೇ ಉಪಾಯ: ಅಪ್ಪ ನಲ್ಲಿಗೆ ಹೋದ ತಕ್ಷಣ ಆ ಕಾರನ್ನು ಅಣ್ಣನಿಂದ ಹೊರಗೆ ತೆಗೆಸಿಬಿಡುವುದು.

ಆ ದಿನ ಬಂದದ್ದು ಹಲ್ಲಿನ ಡಾಕ್ಟರಮ್ಮನ ಕಾರು. ಒಳಗೆಲ್ಲ ಕೆನೆಬಣ್ಣದ ಚರ್ಮ. ಡಾಕ್ಟರಮ್ಮ ಹಳೆಯ ಗಿರಾಕಿ. ಸೀಟ್ ಮೇಷ್ಟ್ರ ಕೈಗೆ ಬಿಟ್ಟರೆ ತಿರುಗಿ ನೋಡಬೇಕಾಗಿಲ್ಲ ಎನ್ನುವವರು. ಅಪ್ಪ ಬೆಳಿಗ್ಗೆಯೇ ಡ್ರೈವರ್ ಸೀಟು ಮುಗಿಸಿದ್ದ. ಹಿಂದಿನ ಸೀಟು ಬಾಕಿಯಿದ್ದುದರಿಂದ ಕಾರನ್ನು ಹೊರಗೆ ತೆಗೆಸುವಂತಿರಲಿಲ್ಲ. ಮಗಳು ಹಿಂದಿನ ಸೀಟಿನಲ್ಲಿ ಮಂಡಿಯೂರಿ, ತಲೆ ಆನಿಸುವ ಕಡೆ ಕೂತಿದ್ದ ಎಣ್ಣೆಯ ಜಿಡ್ಡನ್ನು ತೆಗೆಯುತ್ತಿದ್ದಳು. ಅಷ್ಟರಲ್ಲಿ ಹೊರಗಿನಿಂದ ಅಣ್ಣ ಕೂಗಿದ.

"ಮೂಗಮ್ಮಾ, ಬಾ ಇಲ್ಲಿ. ಪೈಪು ಬಿಚ್ಕೊಂಡಿದೆ, ಎರಡು ಕೈ ಸಾಲ್ತಿಲ್ಲ."

ಅವಳು ಅಪ್ಪನನ್ನು ನೋಡಿದಳು. ಅಪ್ಪ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದ. ಲೋಟ ಇನ್ನೂ ತುಂಬಿತ್ತು. ಅಷ್ಟು ಸಾಕೆಂದುಕೊಂಡು ಓಡಿದಳು. ಪೈಪು ಹಾವಿನ ಹಾಗೆ ನೆಲದ ಮೇಲೆ ಹೊರಳಾಡುತ್ತ ಇಬ್ಬರನ್ನೂ ನೆನೆಸಿತು. ಅದನ್ನು ಹಿಡಿದು, ಸಿಕ್ಕಿಸಿ, ತಂತಿ ಸುತ್ತಿ ಬಿಗಿಯುವಷ್ಟರಲ್ಲಿ ತುಂಬ ಹೊತ್ತಾಗಿತ್ತು. ಒಳಗೆ ಬಂದಾಗ ಸ್ಟೂಲಿನ ಮೇಲೆ ಟೀ ಹಾಗೇ ತಣ್ಣಗಾಗಿತ್ತು. ಅಪ್ಪ ನಲ್ಲಿಯ ಬಳಿ ಬಟ್ಟೆ ಹಿಂಡುತ್ತಿದ್ದ.

ಡ್ರೈವರ್ ಸೀಟಿನಲ್ಲಿ ಬಾಗಿಲ ಕಡೆಯ ಅಂಚು, ಇಳಿಯುವಾಗ ಹತ್ತುವಾಗ ತೊಡೆ ಉಜ್ಜುವ ಜಾಗ, ಮೊದಲೇ ಸವೆದಿತ್ತು. ಈಗ ಅಲ್ಲಿ ಕೆನೆಬಣ್ಣವೇ ಇರಲಿಲ್ಲ. ಅಂಗೈಯಗಲ ಬೂದುಬಣ್ಣದ ಒರಟು ಚರ್ಮ, ಮಂಡಿ ತರಚಿದ ಹಾಗೆ, ಎದ್ದು ಕಾಣುತ್ತಿತ್ತು. ಅವಳು ಬೆರಳಿನಿಂದ ಮುಟ್ಟಿದಳು. ಬೆರಳಿಗೆ ಬಣ್ಣ ಅಂಟಿತು.

ಹಿಂದಿನಿಂದ ಅಪ್ಪನ ಹೆಜ್ಜೆ ಕೇಳಿಸಿತು. ಬಟ್ಟೆ ಕೊಡವುತ್ತ ಬಂದವನು ಬಾಗಿಲ ಬಳಿ ನಿಂತುಬಿಟ್ಟ. ಬಗ್ಗಿದ. ಕೈಯ ಹಿಂಬದಿಯಿಂದ ಆ ಜಾಗವನ್ನು ಸವರಿದ. ಅವನ ತುಟಿ ಅದುರಿತು.

"ಇದನ್ನ ಯಾವ ಕತ್ತೆ ತಿಕ್ಕಿದ್ದು?"

ಅವಳು ಬಣ್ಣ ಅಂಟಿದ ಬೆರಳನ್ನು ಮಡಚಿಕೊಂಡಳು.

"ಕೇಳ್ತಿರೋದು ನಿನ್ನನ್ನೇ. ಒಳ್ಳೇ ಚರ್ಮ ಇದು. ಹೀಗೆ ಸಿಪ್ಪೆ ಸುಲಿದ ಹಾಗೆ ಮಾಡಿದ್ದಾರಲ್ಲ, ಯಾರು?"

"ನಾನೇ ಅಪ್ಪಾ."

ಅಪ್ಪ ಅವಳನ್ನೇ ನೋಡಿದ. ಬೈದಿದ್ದರೆ ಚೆನ್ನಾಗಿತ್ತು. ಅವನ ಕಣ್ಣಲ್ಲಿದ್ದದ್ದು ಸಿಟ್ಟಲ್ಲ. "ಇಷ್ಟು ವರ್ಷ ಪಕ್ಕದಲ್ಲಿ ಕೂರಿಸ್ಕೊಂಡು ಕಲಿಸಿದ್ದು ಇದಕ್ಕೇನಾ, ಮಗಳೇ?" ಎಂದ. ಆಮೇಲೆ ಅವಳ ಕೈ ಹಿಡಿದು, ಎಳೆಯ ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ, ಗಾಳಿಯಲ್ಲಿ ಸಣ್ಣ ಸುತ್ತು ಹಾಕಿಸಿದ. "ಹೀಗೆ. ಭಾರ ಹಾಕಬಾರದು. ಒಂದು ಸಲ ಒರೆಸಿದ ಮೇಲೆ ಬಿಟ್ಟುಬಿಡಬೇಕು. ಗೊತ್ತಾಯ್ತಾ?"

"ಗೊತ್ತಾಯ್ತು."

ಅಪ್ಪ ಬಟ್ಟೆ ಕೊಳೆಯಾಗಿದೆ ಎಂದು ಮತ್ತೆ ನಲ್ಲಿಗೆ ಹೋದ. ಕಾರು ಹೊರಗೆ ತೆಗೆಸೋಣವೆಂದರೆ ಅಣ್ಣ ನೀರಿನ ಮಡುವಿನ ನಡುವೆ ಇನ್ನೊಂದು ಗಾಡಿಯನ್ನು ಅಡ್ಡ ನಿಲ್ಲಿಸಿಕೊಂಡಿದ್ದ. ಅಪ್ಪ ವಾಪಸು ಬಂದ. ಬಗ್ಗಿದ. ಸವರಿದ. ತುಟಿ ಅದುರಿತು.

"ಇದನ್ನ ಯಾವ ಕತ್ತೆ ತಿಕ್ಕಿದ್ದು?"

ಮೊದಲ ಸಲದ್ದೇ ನೋವು, ಒಂದು ಗುಲಗಂಜಿಯೂ ಕಮ್ಮಿಯಿಲ್ಲ. ಅವಳು ಮತ್ತೆ "ನಾನೇ ಅಪ್ಪಾ" ಎಂದಳು. ಮತ್ತೆ ಆ ನೋಟ. ಮತ್ತೆ ಅವಳ ಕೈ ಹಿಡಿದು ಗಾಳಿಯಲ್ಲಿ ಸುತ್ತು. ಒಂದು ಸಲ ಒರೆಸಿದ ಮೇಲೆ ಬಿಟ್ಟುಬಿಡಬೇಕು. ಗೊತ್ತಾಯ್ತಾ?

ಅಣ್ಣ ಯಾವಾಗ ಬಂದು ನಿಂತನೋ ಅವಳು ನೋಡಿರಲಿಲ್ಲ. ಅವನ ಅಂಗಿಯಿಂದ ನೀರು ಸೋರುತ್ತಿತ್ತು. ಸೀಟನ್ನೂ ತಂಗಿಯನ್ನೂ ನೋಡಿದ. ಬಿಡಿಸಿ ಹೇಳಬೇಕಾದ್ದು ಏನೂ ಇರಲಿಲ್ಲ.

"ಅವಳಲ್ಲ ಅಪ್ಪಾ," ಎಂದ. "ನೀನೇ ಮಾಡಿದ್ದು. ಬೆಳಗಿಂದ ಇದೇ ಸೀಟನ್ನ ಮತ್ತೆ ಮತ್ತೆ ತಿಕ್ಕಿದ್ದೀಯ. ಕಂಟ್ರಾಕ್ಟರ್ ಸೀಟೂ ನೀನೇ."

"ಅಣ್ಣಾ, ಬೇಡ," ಎಂದಳು ಅವಳು.

ಅಪ್ಪ ನಗಲು ಹೋದ. ಮಗನ ಮುಖದಲ್ಲಿ ನಗು ಕಾಣದೆ ನಿಲ್ಲಿಸಿದ. ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ, ಬೇರೆ ಯಾರದೋ ಕೈ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿದ. ಉಗುರಿನ ಸಂದಿಯಲ್ಲಿ ಕೆನೆಬಣ್ಣ ಮೆತ್ತಿಕೊಂಡಿತ್ತು.

"ನಾನಾ?" ಎಂದ ಮೆಲ್ಲಗೆ.

ಅಪ್ಪ ಸ್ಟೂಲಿನ ಮೇಲೆ ಕುಸಿದು ಕೂತ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವನಂತೆ ತೊಡೆಯ ಮೇಲಿಟ್ಟ, ತೆಗೆದ, ಕಂಕುಳಲ್ಲಿ ಅಡಗಿಸಿದ. ಅಣ್ಣ ಗೋಡೆಯ ಕಡೆ ತಿರುಗಿದ. ಅವಳು ತಣ್ಣಗಾದ ಟೀ ಲೋಟವನ್ನು ಅಪ್ಪನ ಕೈಗೆ ಕೊಟ್ಟಳು. ಅವನು ಗುಟುಕರಿಸಿ, ಮುಖ ಕಿವುಚಿ, "ಟೀ ಅಂಗಡಿಯವನು ಬಿಸಿ ಮಾಡೋದನ್ನೇ ಮರೆತಿದ್ದಾನೆ," ಎಂದ. ಆಮೇಲೆ ಎದ್ದು ಕಾರಿನ ಕಡೆ ನಡೆದ. ಬಗ್ಗಿದ.

"ಇದನ್ನ ಯಾವ ಕತ್ತೆ ತಿಕ್ಕಿದ್ದು?"

ಅವಳು ಬಾಯಿ ತೆರೆಯುವ ಮೊದಲೇ ಅಣ್ಣ ಹೇಳಿದ: "ನಾನು ಅಪ್ಪಾ."

ಅದೇ ಹೊತ್ತಿಗೆ ಡಾಕ್ಟರಮ್ಮ ಬಂದರು. ಅಪ್ಪ ಅವರಿಂದ ಏನನ್ನೂ ಮುಚ್ಚಿಡಲಿಲ್ಲ. ಸೀಟನ್ನು ತೋರಿಸಿ, ಮಗನನ್ನು ತೋರಿಸಿ, "ಹುಡುಗನಿಗೆ ಇನ್ನೂ ಕೈ ಕುದುರಿಲ್ಲ ಡಾಕ್ಟರಮ್ಮ. ನಾನು ನೋಡಿಕೊಳ್ಳಬೇಕಿತ್ತು, ನನ್ನದೇ ತಪ್ಪು," ಎಂದ. ತಲೆ ನರೆಯತೊಡಗಿದ್ದ ಹುಡುಗ ತಲೆ ತಗ್ಗಿಸಿ ನಿಂತ. ಡಾಕ್ಟರಮ್ಮ ಸೀಟನ್ನೇ ತುಂಬ ಹೊತ್ತು ನೋಡಿದರು. ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ ಎಂದಷ್ಟೇ ಹೇಳಿ, ಆ ಅಂಚಿಗೆ ತಾಗದ ಹಾಗೆ ಜಾಗರೂಕತೆಯಿಂದ ಹತ್ತಿ ಕೂತು, ಹೋದರು. ಇನ್ನು ಬರುವುದಿಲ್ಲವೆಂದು ಅವರ ಬೆನ್ನೇ ಹೇಳುತ್ತಿತ್ತು.

ಶೆಡ್ಡಿನ ಬಾಗಿಲು ಎಳೆಯುವಾಗ ಅಣ್ಣ ತಂಗಿಯ ಪಕ್ಕಕ್ಕೆ ಬಂದ. ಬೀಗದ ಕೈಯನ್ನೇ ನೋಡುತ್ತ, "ನಾಳೆಯಿಂದ ಬೇಡ ಕಣೇ," ಎಂದ. ಅವನ ದನಿ ಒಡೆದಿತ್ತು. ಅವಳು ಬಾಗಿಲ ಚಿಲಕ ಸರಿಸಿದಳು.

ಅಪ್ಪ ಮುಂದೆ ಹೋಗುತ್ತಿದ್ದವನು ನಿಂತು, ಅವರು ಬರಲೆಂದು ಕಾದ. ಹೆಗಲ ಮೇಲೆ ಒರೆಸುವ ಬಟ್ಟೆ, ನೀಟಾಗಿ ಮಡಿಸಿದ್ದು. ಮಗಳು ಹತ್ತಿರ ಬಂದಾಗ, ಅಣ್ಣನಿಗೆ ಕೇಳಿಸಬಾರದೆಂದು ದನಿ ತಗ್ಗಿಸಿದ. ಉಳಿದದ್ದೆಲ್ಲ ಅಳಿಸಿಹೋದರೂ ಮಗನಿಗೆ ಕೈ ಕುದುರಿಲ್ಲ ಎನ್ನುವುದೊಂದು ಹೇಗೋ ಅವನಲ್ಲಿ ಉಳಿದುಕೊಂಡಿತ್ತು.

"ನಾಳೆ ನನ್ನನ್ನ ಬೇಗ ಎಬ್ಬಿಸು ಮಗಳೇ. ಇವನೊಬ್ಬನ ಕೈಗೆ ಬಿಟ್ರೆ ಒಂದು ಸೀಟೂ ಉಳಿಯಲ್ಲ."

"ಆಯ್ತಪ್ಪಾ," ಎಂದಳು.