ಟಾಕಿಗೆ ಇಳಿಯುವ ಮನೆತನ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹೇಳಿದ ಪುಣ್ಯಾತ್ಮ ಯಾರೋ, ಅವನ ಊರಲ್ಲಿ ಕಬ್ಬಿಣದ ಟಾಕಿ ಇರಲಿಲ್ಲವೆಂದು ಕಾಣುತ್ತದೆ. ದೇವಕ್ಕ ಮತ್ತು ಲಿಂಗಣ್ಣನ ಜಗಳ ಉಂಡರೂ ಮುಗಿಯಲಿಲ್ಲ, ಮಲಗಿದರೂ ಮುಗಿಯಲಿಲ್ಲ. ಬೆಳಗಾಗಿ ಅವಳು ಶಹಾಪುರಕ್ಕೆ ಹೊರಡಲು ಸೆರಗು ಸರಿಮಾಡಿಕೊಳ್ಳುತ್ತಿದ್ದಾಗಲೂ ಅವನು ಕಟ್ಟೆಯ ಮೇಲೆ ಕೂತು ಅದನ್ನೇ ಹೇಳುತ್ತಿದ್ದ.

“ಬ್ಯಾಡ ಅಂತ ಹೇಳಿ ಬಾ. ಆ ಕಾಳು ಹರಡೋ ಮಿಷನ್ ನಮಗ ಬ್ಯಾಡ ಅನ್ನು. ಅಷ್ಟ ಸಾಕು.”

“ಯಾಕ ಬ್ಯಾಡ ಅಂತ ಕೇಳಿದ್ರ?”

“ನಮ್ಮ ಮನ್ಯಾಗ ಇಳಿಯೋ ಮನಷ್ಯಾ ಇದ್ದಾನ ಅನ್ನು. ಊರಿಗೆ ಗೊತ್ತದ.”

ದೇವಕ್ಕ ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೊರಟಳು.

ಊರಿಗೆ ಗೊತ್ತಿತ್ತು, ನಿಜ. ಗೋಗಿಯಿಂದ ಆಚೆಗಿನ ಆ ಊರಲ್ಲಿ ಕಾಲುವೆ ಬರುವ ಮೊದಲು ಜೋಳವನ್ನೆಲ್ಲ ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಆಳದ ಕಣಜದಲ್ಲಿ ತುಂಬಿಡುತ್ತಿದ್ದರು. ಬಹುಕಾಲ ಮುಚ್ಚಿದ ಹಗೇವಿನೊಳಗೆ ಕೆಟ್ಟ ಗಾಳಿ ಕೂತಿರುತ್ತದೆ. ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಬಿಡಬೇಕು. ಅದು ಉರಿಯುತ್ತಿದ್ದರೆ ಮನುಷ್ಯ ಇಳಿಯಬಹುದು, ಆರಿದರೆ ಇಲ್ಲ. ಹಾಗೆ ಎಲ್ಲರಿಗಿಂತ ಮೊದಲು ಇಳಿಯುತ್ತಿದ್ದವನು ಲಿಂಗಣ್ಣನ ಅಜ್ಜ, ಆಮೇಲೆ ಅಪ್ಪ. ಇಳಿದವನ ಮನೆಗೆ ಮೊದಲ ಮೊರದ ಕಾಳು, ಹೆಗಲಿಗೊಂದು ಟವೆಲ್ಲು, ಕೈಗೊಂದು ತೆಂಗಿನಕಾಯಿ. ಹೆಣ್ಣು ಕೇಳಲು ಹೋದಲ್ಲಿ ‘ಹಗೇವಿಗಿ ಇಳಿಯೋರ ಮನಿ’ ಎಂದರೆ ಸಾಕು, ಒಳಗಿನಿಂದ ಚಹಾ ಬರುತ್ತಿತ್ತು. ದೇವಕ್ಕ ಈ ಮನೆಗೆ ಬಂದದ್ದೂ ಹಾಗೆಯೇ.

ಆಮೇಲೆ ಕಾಲುವೆ ಬಂತು. ನೀರು ಹೊಲಕ್ಕೆ ಬಂದಂತೆ ನೆಲದೊಳಗೂ ಬಂತು. ಹಗೇವಿನ ಗೋಡೆಗಳು ಬೆವರಿದವು, ಒಳಗಿನ ಜೋಳ ಮೊಳಕೆಯೊಡೆದು ನಾರಿತು. ಒಂದೊಂದಾಗಿ ಎಲ್ಲ ಹಗೇವುಗಳಿಗೂ ಮಣ್ಣು ತುಂಬಿದರು. ಜೋಳ ಬೆಳೆಯುತ್ತಿದ್ದ ಹೊಲಗಳು ಭತ್ತದ ಗದ್ದೆಗಳಾದವು. ಬಹಳ ವರ್ಷಗಳ ಮೇಲೆ ರೈತರದೊಂದು ಸಂಘವಾಗಿ, ಊರ ಹೊರಗೆ ಕಬ್ಬಿಣದ ದೊಡ್ಡ ಕಣಜಗಳು ಎದ್ದು ನಿಂತವು. ಊರು ಅವನ್ನು ಟಾಕಿ ಎಂದು ಕರೆಯಿತು.

ಟಾಕಿಯಲ್ಲಿ ಒಂದು ತೊಂದರೆ. ನೆತ್ತಿಯ ತೂತಿನಿಂದ ಭತ್ತ ಸುರಿದರೆ ನಡುವೆ ಗುಪ್ಪೆಯಾಗುತ್ತದೆ. ಗಟ್ಟಿ ಕಾಳು ಅಂಚಿಗೆ ಉರುಳಿಹೋಗುತ್ತದೆ. ಹೊಟ್ಟು, ನುಚ್ಚು, ದೂಳು ನಡುವೆಯೇ ಕೂರುತ್ತವೆ. ಅಲ್ಲಿ ಗಾಳಿಯಾಡದೆ ಕಾವು ಹುಟ್ಟುತ್ತದೆ, ಕಾವಿಗೆ ಭತ್ತ ಮುಗ್ಗುತ್ತದೆ. ಆದ್ದರಿಂದ ಯಾರಾದರೂ ಒಳಗಿಳಿದು ಹಲಗೆಯಿಂದ ಎಳೆದು ಸಮ ಮಾಡಬೇಕು. ಯಾರು ಎಂದು ಕೇಳುವ ಗೋಜಿಗೇ ಯಾರೂ ಹೋಗಲಿಲ್ಲ, ಎಲ್ಲರೂ ಲಿಂಗಣ್ಣನ ಮುಖ ನೋಡಿದರು.

ಮೊದಲ ವರ್ಷ ಲಿಂಗಣ್ಣ ಅಪ್ಪನ ಕಂದೀಲನ್ನೇ ಒರೆಸಿ ತಂದು ಟಾಕಿಯೊಳಗೆ ಬಿಡಲು ಹೋದ. ಟಾಕಿ ಜೋಡಿಸಲು ಬಂದಿದ್ದ ಮಿಸ್ತ್ರಿ ಓಡಿಬಂದು ಕೈ ಹಿಡಿದ. ಒಳಗೆಲ್ಲ ದೂಳು, ಉರಿ ತಾಗಿದರೆ ಟಾಕಿಯ ಜೊತೆ ನೀನೂ ಹಾರಿಹೋಗುತ್ತೀ ಎಂದು ಬೈದ. ಅಂದಿನಿಂದ ಕಂದೀಲಿಲ್ಲ. ಒಳಗಿನ ಗಾಳಿ ಹೇಗಿದೆ ಎಂದು ಮೊದಲೇ ಹೇಳುವುದು ಏನೂ ಇಲ್ಲ. ಆದರೂ ಲಿಂಗಣ್ಣ ಮೀಸೆ ತಿರುವಿಕೊಂಡು ಇಳಿಯುತ್ತಿದ್ದ.

ಅವನು ಒಳಗಿದ್ದಷ್ಟು ಹೊತ್ತು ದೇವಕ್ಕ ಕೆಳಗೆ ಟಾಕಿಯ ತಗಡಿಗೆ ಕಿವಿ ಹಚ್ಚಿ ನಿಂತಿರುತ್ತಿದ್ದಳು. ಹಲಗೆ ಗೋಡೆಗೆ ಬಡಿದ ಸದ್ದು ಕೇಳಿದರೆ ಉಸಿರು ಬರುತ್ತಿತ್ತು. ಸದ್ದು ನಿಂತರೆ ಕಿವಿಯನ್ನು ಇನ್ನಷ್ಟು ಒತ್ತುತ್ತಿದ್ದಳು. ಹೋದ ಸುಗ್ಗಿಯಲ್ಲಿ ಹೊಳೆಯಾಚೆಯ ಯಾವುದೋ ಊರಲ್ಲಿ ಹೀಗೇ ಇಳಿದವನೊಬ್ಬನ ಕಾಲಡಿಯ ಭತ್ತ ಕುಸಿದು, ಅವನನ್ನು ಹೊರತೆಗೆಯುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ. ಸತ್ತವನ ಹೆಂಡತಿಯನ್ನು ದೇವಕ್ಕ ಕಂಡವಳಲ್ಲ. ಆದರೆ ಅಂದಿನಿಂದ ರೊಟ್ಟಿ ಬಡಿಯುವಾಗಲೂ ಅವಳ ನೆನಪು ಬಂದು ಕೈ ನಿಲ್ಲುತ್ತಿತ್ತು. ಗಂಡನಿಗೆ ಹೇಳಿದರೆ, ಹೆಂಗಸರ ಅಂಜಿಕೆ ಎಂದು ನಕ್ಕುಬಿಡುತ್ತಿದ್ದ. ಮನೆತನದ ಹೆಮ್ಮೆ ತಲೆಗೇರಿದ ಗಂಡಸಿಗೆ ಬುದ್ಧಿ ಹೇಳುವುದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸುವುದೂ ಒಂದೇ.

ಸಂಘದ ಕಮಿಟಿಯಲ್ಲಿ ಒಬ್ಬ ಹೆಂಗಸು ಇರಲೇಬೇಕು ಎಂಬ ನಿಯಮಕ್ಕಾಗಿ ದೇವಕ್ಕನನ್ನು ಸೇರಿಸಿಕೊಂಡಿದ್ದರು. ಕುರ್ಚಿ ತುಂಬುವುದಷ್ಟೇ ಅವಳ ಕೆಲಸವಾಗಿತ್ತು. ಈ ಸಲ ಕಾಳು ಹರಡುವ ಯಂತ್ರ ಬೇಕೆಂದು ಅರ್ಧ ಮಂದಿ, ಬೇಡವೆಂದು ಅರ್ಧ ಮಂದಿ ಹಟ ಹಿಡಿದು ಕೂತರು. ಆಗ ಅಧ್ಯಕ್ಷ ಹಂಪಣ್ಣ ಅವಳ ಕಡೆ ತಿರುಗಿದ. “ನೀನ ಬಾರವ್ವ ನನ್ನ ಜೋಡಿ. ನೀ ಯಾವುದಕ್ಕ ಹ್ಞೂಂ ಅಂತಿ ಅದನ್ನ ತರೋಣು, ಬ್ಯಾಡ ಅಂದ್ರ ಬಿಡೋಣು” ಎಂದ. ಹಿರಿಯ, ಒಳ್ಳೆಯವ, ಆದರೆ ತನ್ನ ಹೆಗಲಿನ ಭಾರವನ್ನು ಇನ್ನೊಬ್ಬರ ಹೆಗಲಿಗೆ ದಾಟಿಸುವುದರಲ್ಲಿ ಅವನ ಸಮ ಇನ್ನೊಬ್ಬರಿರಲಿಲ್ಲ.

ಶಹಾಪುರದಲ್ಲಿ ಸುಲ್ತಾನಸಾಬನ ಅಂಗಡಿಯ ಮುಂದೆ ಎರಡು ಯಂತ್ರಗಳನ್ನು ಇಳಿಸಿದ್ದರು. ಒಂದಕ್ಕೆ ಕೆಂಪು ಬಣ್ಣ, ಕೆಳಗೆ ತಟ್ಟೆ, ಮೇಲೆ ಮೋಟರು. ಇನ್ನೊಂದು ಬರೀ ತಗಡಿನ ದೊಡ್ಡ ಆಲಿಕೆಯಂಥದ್ದು, ಮೂರು ಸರಪಳಿಗಳಿಂದ ತೂಗಿಬಿಡುವಂಥದ್ದು.

“ಇದು ಮೋಟರಿಂದು ಅಕ್ಕಾ. ತಟ್ಟಿ ಗರಗರ ತಿರಗತದ, ಕಾಳು ಅಂಚಿನ ತನಕ ಬರೋಬರಿ ಚೆಲ್ಲತದ” ಎಂದ ಸುಲ್ತಾನಸಾಬ. “ಅದಕ್ಕ ಮೋಟರ್ ಇಲ್ಲ. ಬೀಳೋ ಕಾಳಿನ ಭಾರಕ್ಕ ತಾನಾ ತಿರಗತದ. ಖರೇ ಹೇಳಬೇಕಂದ್ರ ಇದರಷ್ಟು ಚಂದ ಹರಡಂಗಿಲ್ಲ.”

ಹಂಪಣ್ಣ ಕೆಂಪು ಯಂತ್ರದ ಮೈ ಸವರಿದ. “ಇದ ಪಸಂದ್ ಅದ ನೋಡು. ಸುರಪುರ ಕಡಿ, ದೇವಾಪುರದಾಗ ಎಲ್ಲಾ ಇದನ್ನ ಹಾಕ್ಯಾರಂತ.”

ದೇವಕ್ಕ ಎರಡನ್ನೂ ನೋಡಿದಳು. ಬೇಡವೆಂದು ಹೇಳಿ ಬಾ ಎಂದು ಗಂಡ ಹೇಳಿದ್ದಾನೆ. ಚಂದದ್ದನ್ನು ಬಿಟ್ಟು ಕಡಿಮೆಯದನ್ನು ಒಯ್ದರೆ, ನಾಳೆ ಭತ್ತ ಮುಗ್ಗಿದರೆ, ಊರೆಲ್ಲ ಅವಳ ಬಾಗಿಲಿಗೆ ಬಂದು ಉಗಿಯುತ್ತದೆ. ಅತ್ತ ದರಿ ಇತ್ತ ಪುಲಿ. ಆದರೂ ಅವಳ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ, ಅದನ್ನೇ ಕೇಳಿದಳು.

“ಸಾಬ್ರೆ, ಕರೆಂಟ್ ಹೋದ್ರ?”

“ತಟ್ಟಿ ನಿಲ್ಲತದ.”

“ಮ್ಯಾಲೆ ನೆಲ್ಲು ಏರಸೋದು ಟ್ರ್ಯಾಕ್ಟರ್‌ಲೆ ನಡೀತದ್ರಿ. ಅದು ನಿಲ್ಲಂಗಿಲ್ಲ. ಕರೆಂಟ್ ಹೋಗಿದ್ದು ಕೆಳಗ ಯಾರಿಗೂ ಗೊತ್ತಾಗಂಗಿಲ್ಲ.”

“ಹಂಗಾದ್ರ ಗುಪ್ಪಿ ಆಗತದ. ಅವಾಗ ಯಾರರ ಒಳಗ ಇಳದು...” ಸುಲ್ತಾನಸಾಬ ಅವಳ ಮುಖ ನೋಡಿ ಮಾತು ನಿಲ್ಲಿಸಿದ.

“ಈ ತಗಡಿನ್ಯಾಗ?”

“ಇದು ಸೊಟ್ಟಾದ್ರ ಒಂದ ಕಡಿ ಹೆಚ್ಚು ಬೀಳತದ. ಸುರಿಯೋದು ನಿಲ್ಲಿಸಬೇಕು, ಮ್ಯಾಲಿನ ಬಾಗಿಲದಾಗ ಕೈ ಹಾಕಿ ಸರಪಳಿ ಜರಾ ಎಳೀಬೇಕು. ಅಷ್ಟ. ಒಳಗ ಇಳಿಯೋ ಕೆಲಸ ಇಲ್ಲ.”

“ಇದ ಇರ್ಲಿ” ಎಂದಳು ದೇವಕ್ಕ.

ತಗಡನ್ನು ಆಟೋದ ನೆತ್ತಿಗೆ ಕಟ್ಟಿಕೊಂಡು ಹೊರಟರು. ಗೋಗಿ ದಾಟಿದ ಮೇಲೆ ಹಂಪಣ್ಣ ಕೇಳಿದ, “ಮನ್ಯಾಗ ಏನು ಹೇಳ್ತೀಯವ್ವ?”

“ಅದ ತಿಳೀವಲ್ದು ನೋಡ್ರಿ ಹಂಪಣ್ಣಾರ.”

ಹೇಳುವ ಪ್ರಸಂಗವೇ ಬರಲಿಲ್ಲ. ಆಟೋದ ಮೇಲಿನ ತಗಡನ್ನು ಲಿಂಗಣ್ಣ ಊರ ಅಗಸಿ ಬಾಗಿಲಲ್ಲೇ ಕಂಡಿದ್ದ. ಕೂಗಾಡಲಿಲ್ಲ, ತಾಟು ಎಸೆಯಲಿಲ್ಲ. “ನನ್ನ ಇಜ್ಜತ್ ತಗದಿ” ಎಂದಷ್ಟೇ ಹೇಳಿ ಗೋಡೆಯ ಕಡೆ ಹೊರಳಿ ಮಲಗಿದ. ಅಲ್ಲಿಂದ ಸುಗ್ಗಿ ಮುಗಿಯುವ ತನಕ ಅವಳು ಏನು ಕೇಳಿದರೂ ಹ್ಞೂಂ, ಉಹ್ಞೂಂ, ಅಷ್ಟೇ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಈ ಮೌನದಲ್ಲಿ ಅವನು ಏನು ಹಟ ಸಾಕುತ್ತಿದ್ದಾನೋ ಎಂದು ಅವಳಿಗೆ ಒಂದೇ ಸಮನೆ ಪುಕಪುಕ.

ಟಾಕಿ ತುಂಬುವ ದಿನ ಪಡುವಣದಲ್ಲಿ ಮೋಡ ಕಪ್ಪಾಗಿತ್ತು. ಭತ್ತ ಹೇರಿದ ಟ್ರಾಲಿಗಳು ಕಾಲುವೆಯ ಸೇತುವೆಯ ತನಕ ಸಾಲು ನಿಂತಿದ್ದವು. ಭಾಗಣ್ಣನ ಟ್ರ್ಯಾಕ್ಟರಿಗೆ ಕಟ್ಟಿದ ಭತ್ತ ಏರಿಸುವ ಯಂತ್ರ ಗಡಗಡ ಎನ್ನುತ್ತಿತ್ತು. ಈ ಭಾಗಣ್ಣ ಕಮಿಟಿಯಲ್ಲಿ ಬೇಡ ಎಂದವರ ಮುಂದಾಳು. ಬಾಯಿ ಉದ್ದ, ತಾಳ್ಮೆ ಗಿಡ್ಡ. ಹಂಪಣ್ಣ ಪದ್ಧತಿ ಬಿಡಬಾರದೆಂದು ಲಿಂಗಣ್ಣನಿಗೆ ಟವೆಲ್ಲು, ಕಾಯಿ ಕೊಟ್ಟ. “ಮ್ಯಾಲೆ ನಿಂತು ನೋಡೋ ಕೆಲಸ ನಿಂದಪಾ” ಎಂದ. ಲಿಂಗಣ್ಣ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಏಣಿ ಹತ್ತಿದ.

ಅರ್ಧ ಟಾಕಿ ತುಂಬುವ ತನಕ ಎಲ್ಲ ಸರಿಯಿತ್ತು. ಆಮೇಲೆ ಲಿಂಗಣ್ಣ ಮೇಲಿಂದ ಬಗ್ಗಿ ಕೂಗಿದ, “ಬಡಗಲ ಕಡಿ ಏರಾಕತ್ತದ. ತಗಡು ಸೊಟ್ಟಾಗ್ಯದ.”

ಎಲ್ಲರೂ ದೇವಕ್ಕನನ್ನು ನೋಡಿದರು. “ಸುರಿಯೋದು ನಿಲ್ಲಸ್ರಿ, ಸರಪಳಿ ಎಳದ್ರ ಸರಿ ಆಗತದ” ಎಂದಳು.

“ನಿಲ್ಲಸೋದು, ಮತ್ತ ಹಚ್ಚೋದು, ಅಷ್ಟರಾಗ ಮಳಿ ಬಂದು ಟ್ರಾಲ್ಯಾಗಿನ ನೆಲ್ಲೆಲ್ಲಾ ತೋಯಲಿ ಅಂತೀಯೇನು?” ಎಂದ ಭಾಗಣ್ಣ. ಆಮೇಲೆ ಮುಖ ಮೇಲೆತ್ತಿ ಕೂಗಿದ, “ಲಿಂಗಣ್ಣ, ಅಲ್ಲೇ ಅದಿಯಲ್ಲೋ. ಇಳದು ಕಾಲಿಲೆ ಜಾಡಿಸಿ ಬಾ. ಏನ್, ಮನ್ಯಾಗ ಕೇಳಿ ಇಳೀತಿ?”

ಸಾಲಿನಲ್ಲಿದ್ದವರು ಗೊಳ್ಳೆಂದು ನಕ್ಕರು. ಲಿಂಗಣ್ಣ ನಗಲಿಲ್ಲ. ಕಾಲಿನ ಚಪ್ಪಲಿಗಳನ್ನು ಕಳಚಿ ಟಾಕಿಯ ನೆತ್ತಿಯ ಮೇಲೆ ಒಂದರ ಪಕ್ಕ ಒಂದು ಇಟ್ಟ. ಅದನ್ನು ಕಂಡದ್ದೇ ದೇವಕ್ಕನಿಗೆ ತಿಳಿಯಿತು. ಚಪ್ಪಲಿ ಕಾಲಿನಿಂದ ಕಾಳು ತುಳಿಯುವವರು ಆ ಊರಲ್ಲಿ ಯಾರೂ ಇಲ್ಲ. ಚಪ್ಪಲಿ ಬಿಟ್ಟ ಎಂದರೆ ಇಳಿಯುತ್ತಾನೆ ಎಂದೇ ಅರ್ಥ. ಅವನು ಬಾಗಿಲ ಅಂಚಿಗೆ ಕೂತು ಎರಡೂ ಕಾಲುಗಳನ್ನು ಒಳಗೆ ಇಳಿಬಿಟ್ಟ. ಭತ್ತ ಇನ್ನೂ ಸುರಿಯುತ್ತಲೇ ಇತ್ತು, ಬಾಗಿಲಿನಿಂದ ದೂಳು ಹೊಗೆಯಂತೆ ಏಳುತ್ತಿತ್ತು.

“ನಿಲ್ಲಸ್ರೀ” ಎಂದಳು ದೇವಕ್ಕ. ಟ್ರ್ಯಾಕ್ಟರಿನ ಗದ್ದಲದಲ್ಲಿ ಅವಳ ದನಿ ಅವಳಿಗೇ ಕೇಳಲಿಲ್ಲ. ಹಂಪಣ್ಣ ಗಡ್ಡ ತುರಿಸಿಕೊಳ್ಳುತ್ತ ಯಾರಾದರೂ ಏನಾದರೂ ಮಾಡಲಿ ಎಂದು ಕಾಯುತ್ತಿದ್ದ. ಮೇಲೆ ಲಿಂಗಣ್ಣ ಎರಡೂ ಕೈ ಅಂಚಿಗೆ ಊರಿ ಮೈ ಮುಂದೆ ಬಾಗಿಸಿದ. ಅವನ ಸೊಂಟ ಕಾಣದಾಯಿತು.

“ಲಿಂಗಣ್ಣಾ!”

ಕೂಗಿದ್ದು ದೇವಕ್ಕ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ತಾಯಿ ಕಲಿಸಿದ್ದಳು, ಅತ್ತೆ ಕಲಿಸಿದ್ದಳು. ಮದುವೆಯಲ್ಲಿ ಹೆಂಗಸರು ಬಾಗಿಲು ಅಡ್ಡಗಟ್ಟಿ ಕೇಳಿದಾಗ ಒಡಪಿನ ಪದ್ಯದ ನಡುವೆ ಅಡಗಿಸಿ ಒಂದು ಸಲ ಹೇಳಿದ್ದು ಬಿಟ್ಟರೆ ಆ ಹೆಸರು ಅವಳ ನಾಲಗೆಗೆ ಬಂದದ್ದೇ ಇಲ್ಲ. ರೇಷನ್ ಅಂಗಡಿಯವನು ಗಂಡನ ಹೆಸರು ಕೇಳಿದರೂ ಪಕ್ಕದವಳ ಕೈಲಿ ಹೇಳಿಸುತ್ತಿದ್ದಳು. ಈಗ ಅದು ಸಾಲು ಟ್ರಾಲಿಗಳ ಮುಂದೆ, ಊರ ಗಂಡಸರೆಲ್ಲರ ಮುಂದೆ ಹೊರಬಿದ್ದಿತ್ತು. ಇನ್ನೊಮ್ಮೆ ಕೂಗಿದಳು. “ಇಳೀಬ್ಯಾಡ. ಲಿಂಗಣ್ಣ, ಇಳೀಬ್ಯಾಡ.”

ಭಾಗಣ್ಣ ಬಾಯಿ ತೆರೆದವನು ತೆರೆದೇ ಇದ್ದ. ಗಾಬರಿಯಲ್ಲೋ ನಾಚಿಕೆಯಲ್ಲೋ ಅವನ ಕೈ ಹೋಗಿ ಟ್ರ್ಯಾಕ್ಟರ್ ಆರಿಸಿತು. ಸುರಿಯುತ್ತಿದ್ದ ಭತ್ತ ನಿಂತಿತು. ಕಾಲುವೆಯ ನೀರು ಹರಿಯುವ ಸದ್ದು ಕೇಳತೊಡಗಿತು.

ಮೇಲೆ ಲಿಂಗಣ್ಣ ಅಲುಗದೆ ಇದ್ದ. ಆಮೇಲೆ ಮೆಲ್ಲಗೆ ತೋಳಿನ ಬಲದಿಂದ ಮೈ ಮೇಲೆತ್ತಿಕೊಂಡು ಕಾಲುಗಳನ್ನು ಹೊರಗೆ ತೆಗೆದ. ಚಪ್ಪಲಿಯನ್ನು ಅಲ್ಲೇ ಬಿಟ್ಟು, ಏಣಿಯ ಒಂದೊಂದೇ ಮೆಟ್ಟಿಲನ್ನು ಕಾಲಿನಿಂದ ತಡವಿ ಹುಡುಕುತ್ತ ಇಳಿದ. ಹೆಂಡತಿಯ ಕೆನ್ನೆಗೆ ಬಾರಿಸುತ್ತಾನೆ ಎಂದು ಕೆಲವರು ಕಾದರು. ತಡೆಯಬೇಕಾದೀತು ಎಂದು ಹಂಪಣ್ಣ ಎರಡು ಹೆಜ್ಜೆ ಮುಂದೆ ಬಂದ. ದೇವಕ್ಕನೂ ಅದಕ್ಕೆ ತಯಾರಾಗಿಯೇ ನಿಂತಿದ್ದಳು. ಹೊಡೆಯುವುದಾದರೆ ಹೊಡೆಯಲಿ, ಹೊಡೆಯಲು ಕೈ ಇರಬೇಕಲ್ಲ, ಇದೆ, ಅಷ್ಟು ಸಾಕು ಎಂದುಕೊಂಡಳು.

ಲಿಂಗಣ್ಣ ಅವಳ ಮುಂದೆ ಬಂದು ನಿಂತ. ಹುಬ್ಬು, ಮೀಸೆ ಎಲ್ಲ ದೂಳಿನಿಂದ ಬೆಳ್ಳಗಾಗಿದ್ದವು. ಹೊಸ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಅಷ್ಟರಲ್ಲಿ ಯಾರೋ ಸರಪಳಿ ಎಳೆಯಲು ಏಣಿ ಹತ್ತಿದರು, ಮಂದಿಯ ಕಣ್ಣು ಅತ್ತ ಹೋಯಿತು. ಆಗ ಅವನು ಅವಳಿಗಷ್ಟೇ ಕೇಳುವಂತೆ ಹೇಳಿದ.

“ಇಳಿಯಾಕ ಧೈರ್ಯ ಇದ್ದಿಲ್ಲ. ಇಳೀಲಾರ್ದ ಬಂದ್ರ ಮಂದಿಗಿ ತೋರಸಾಕ ಮಾರಿ ಇದ್ದಿಲ್ಲ. ಯಾರರ ಕರೀಲಿ ಅಂತ ಕುಂತಿದ್ದೆ.”

ಅವಳು ಅವನ ಮುಖವನ್ನೇ ನೋಡಿದಳು.

“ಪ್ರತಿ ವರ್ಷಾ ಹಂಗ ಕುಂದರ್ತಿದ್ದೆ” ಎಂದ ಲಿಂಗಣ್ಣ. “ಯಾರೂ ಕರೀತಿದ್ದಿಲ್ಲ.”