ಕಿಟಕಿ ತೆಗೆದಿಡಿ

"ಪಕ್ಕದ ಮನೆಯವನ ತಗಡು ಹಾರಿಬಂದು ನಮ್ಮ ಅಂಗಳದಲ್ಲಿ ಬಿದ್ದಿದೆ ಮಾನಾ. ಒಳ್ಳೇ ಹೊಸಾ ತಗಡು. ಈಗ ಅದು ಯಾರದು?"

ಲುದಿವಿನಾ ಮೈಕಿನ ಹತ್ತಿರ ಬಾಗಿ ನಕ್ಕಳು. "ಗಾಳಿ ತಂದುಕೊಡ್ತು ಅಂತ ನಿಮ್ಮದಾಗಲ್ಲ ಮಾನೊ. ಕಾನೂನು ಪ್ರಕಾರ ಅದು ಅವರದೇ. ಕರೆದು ಕೊಟ್ಟುಬಿಡಿ."

"ಅವನ ಹಂದಿ ನನ್ನ ಗೆಣಸೆಲ್ಲ ತಿಂದು ಹಾಕಿತ್ತಲ್ಲ, ಅದಕ್ಕೆ ವಜಾ ಹಾಕ್ಕೊಳ್ಳೋಕೆ ಬರಲ್ವಾ?"

"ಹಂದಿ ಲೆಕ್ಕ ಬೇರೆ, ತಗಡಿನ ಲೆಕ್ಕ ಬೇರೆ. ಮುಂದಿನೋರು ಯಾರು, ಮಾತಾಡಿ."

ಗಾಜಿನ ಆಚೆ ಯಂತ್ರಗಳ ಮುಂದೆ ಕೂತಿದ್ದ ಎಫ್ರೆನ್ ನಗು ತಡೆಯಲಾರದೆ ಮುಖ ಆಚೆ ತಿರುಗಿಸಿದ. ಚಂಡಮಾರುತ ಹಾದುಹೋದ ಮೇಲೆ ಆ ಕಟ್ಟಡದಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು. ಊರಿನ ಅರ್ಧ ಮನೆಗಳಿಗೆ ಸೂರೇ ಇರಲಿಲ್ಲ. ಕರೆಂಟಿನ ಕಂಬಗಳು ಮಲಗಿಬಿಟ್ಟಿದ್ದವು. ಫೋನಿನ ಟವರು ಬಂದೂ ಬಾರದ ಹಾಗೆ ಆಟವಾಡುತ್ತಿತ್ತು. ಸಾಮಾರ್ ದ್ವೀಪದ ಆ ಕಡಲ ತೀರದಲ್ಲಿ ಉಳಿದಿದ್ದದ್ದು ಈ ರೇಡಿಯೋ ಒಂದೇ. ಅದೂ ತಾರಸಿಯ ಮೇಲೆ ಗುಡುಗುಡು ಎನ್ನುತ್ತಿದ್ದ ಹಳೇ ಜನರೇಟರಿನ ದಯೆಯಿಂದ.

ಮಾನಾ ಎಂದರೆ ಅಲ್ಲಿಯವರ ಬಾಯಲ್ಲಿ ಅಕ್ಕ, ಮಾನೊ ಎಂದರೆ ಅಣ್ಣ. ಲುದಿವಿನಾ ಇಡೀ ಊರಿಗೇ ಅಕ್ಕ. ಪುರಸಭೆಯ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದವಳು, ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದಿದ್ದಳು. ಮಧ್ಯಾಹ್ನದ ಊಟ ಮುಗಿದು ಜನ ಒಂದಿಷ್ಟು ಒರಗುವ ಹೊತ್ತಿಗೆ ಅವಳ ಕಾರ್ಯಕ್ರಮ. ಯಾರು ಏನು ಬೇಕಾದರೂ ಕೇಳಬಹುದು. ಚಂದ್ರ ಹುಟ್ಟುವಾಗ ದೊಡ್ಡದಾಗಿ ಯಾಕೆ ಕಾಣುತ್ತಾನೆ, ಬಾಡಿಗೆ ಮನೆಯವರು ನೀರಿನ ನಲ್ಲಿ ಬಂದ್ ಮಾಡಬಹುದೇ, ಚಾರ್ಜಿಗೆ ಹಾಕಿದ ಫೋನು ಯಾಕೆ ಬಿಸಿಯಾಗುತ್ತದೆ, ಎರಡನೇ ಮದುವೆಯಾದವನ ಜಮೀನಿನಲ್ಲಿ ಮೊದಲ ಹೆಂಡತಿಯ ಮಕ್ಕಳಿಗೆ ಪಾಲುಂಟೇ. ಪುಸ್ತಕ ನೋಡಿ, ವಕೀಲರನ್ನೋ ಹೈಸ್ಕೂಲಿನ ಮೇಷ್ಟರನ್ನೋ ಕೇಳಿ ಉತ್ತರ ಹೇಳುತ್ತಿದ್ದಳು. ವರ್ಷಗಳು ಕಳೆದಂತೆ ನೋಡುವುದೂ ಕೇಳುವುದೂ ಕಡಿಮೆಯಾಗಿ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ನಾಲಿಗೆಯ ಮೇಲೆ ಬಂದು ನಿಲ್ಲುತ್ತಿತ್ತು. ಗೊತ್ತಿಲ್ಲ ಎನ್ನುವ ಮಾತು ಅವಳ ಕಾರ್ಯಕ್ರಮದಲ್ಲಿ ಯಾರೂ ಕೇಳಿದವರಿಲ್ಲ.

"ಮಾನಾ ಲುದಿ? ಕೇಳಿಸ್ತಾ ಇದೆಯಾ?" ಹೆಂಗಸಿನ ಧ್ವನಿ, ಇನ್ನೂ ಎಳೆಯದು. ಲೈನು ಕರಕರ ಎನ್ನುತ್ತಿತ್ತು. "ನಮ್ಮಮ್ಮಂಗೆ ಉಸಿರಾಟದ ತೊಂದರೆ, ಆಕ್ಸಿಜನ್ ಮಷಿನ್ ಹಾಕಿದೀನಿ. ಅದಕ್ಕೆ ಅಂತ ಜನರೇಟರ್ ಎರವಲು ತಂದು ಜಗಲಿ ಮೇಲೆ ಇಟ್ಟಿದ್ದೆ. ಈಗ ಮತ್ತೆ ಮಳೆ, ಎರಚಲು ಹೊಡೀತಾ ಇದೆ. ಒಳಗೆ ತಂದಿಟ್ಕೋಬಹುದಾ?"

ಒದ್ದೆ ತಂತಿ ಮುಟ್ಟಿ ಒಬ್ಬ ಸತ್ತ ಸುದ್ದಿಯನ್ನು ಅವತ್ತು ಬೆಳಿಗ್ಗೆ ತಾನೇ ಲುದಿವಿನಾ ಓದಿದ್ದಳು. ಅವಳ ತಲೆಯಲ್ಲಿ ಅದೇ ಇತ್ತು.

"ಅಯ್ಯೋ, ಮಳೇಲಿ ಬಿಡಬೇಡಮ್ಮ, ಶಾಕ್ ಹೊಡೆಯುತ್ತೆ. ಅಡುಗೆಮನೆ ಬೇರೆ ಇದೆಯಾ?"

"ಇದೆ. ಅಮ್ಮ ಮಲಗಿರೋ ಕೋಣೆ ಪಕ್ಕದಲ್ಲೇ."

"ಹಾಗಾದ್ರೆ ಅಡುಗೆಮನೇಲಿಡು. ಕಿಟಕಿ ತೆಗೆದಿಡು, ಸಾಕು."

"ಆಯ್ತು ಮಾನಾ. ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ. ಗಾಳಿ ಶುರುವಾದಾಗಿಂದ ಕಣ್ಣು ಮುಚ್ಚಿಲ್ಲ. ರೇಡಿಯೋ ಆಫ್ ಮಾಡಿ ನಾನೂ ಒಂದಿಷ್ಟು ಮಲಗ್ತೀನಿ."

"ಮಲಗು ತಾಯಿ, ಮಲಗು. ಮುಂದಿನೋರು?"

ಮುಂದಿನವನು ಸಮುದ್ರದ ನೀರು ಹೊಕ್ಕ ಅಕ್ಕಿಯನ್ನು ತೊಳೆದು ಒಣಗಿಸಿದರೆ ತಿನ್ನಬಹುದೇ ಎಂದು ಕೇಳಿದ. ಆಮೇಲೆ ಒಬ್ಬಳು ಮುದುಕಿ, ಮದುವೆ ಸರ್ಟಿಫಿಕೇಟು ಕೊಚ್ಚಿಕೊಂಡು ಹೋಗಿದೆ, ಈಗ ನಾನು ಮದುವೆಯಾದವಳೋ ಅಲ್ಲವೋ ಎಂದಳು. ಬೇಡವಾಗಿದ್ದರೆ ಇದೇ ಒಳ್ಳೇ ಸಮಯ ಎಂದು ಲುದಿವಿನಾ ತಮಾಷೆ ಮಾಡಿದಳು. ಇನ್ನೊಬ್ಬನ ಬಾವಿಗೆ ಕೊಳಚೆ ನೀರು ಸೇರಿತ್ತು. ಅವನಿಗೆ ಉತ್ತರ ಹೇಳುತ್ತಿರುವಾಗ ಗಾಳಿಯ ದಿಕ್ಕು ಬದಲಾಯಿತು. ತಾರಸಿಯ ಜನರೇಟರಿನ ಹೊಗೆ ಮೆಟ್ಟಿಲಿಳಿದು ಒಳಗೆ ಬಂತು. ಎಫ್ರೆನ್ ಕೆಮ್ಮುತ್ತಾ, ಯಾರನ್ನೋ ಬೈಯುತ್ತಾ ಎದ್ದು ಬಾಗಿಲು ಹಾಕಿದ.

"ಈ ಹೊಗೆ ಕುಡಿದ್ರೆ ಇಲ್ಲೇ ಮಲಗಿಬಿಡ್ತೀವಿ ಅಷ್ಟೆ," ಎಂದ.

ಲುದಿವಿನಾಳ ಮಾತು ಅರ್ಧಕ್ಕೆ ನಿಂತಿತು. ಗೊತ್ತಿಲ್ಲದ ವಿಷಯವೇ ಅದು? ಆ ಹೊಗೆಯಲ್ಲಿರುವ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ ಎಂದು ಇದೇ ಕುರ್ಚಿಯಲ್ಲಿ ಕೂತು ಅವಳೇ ಹಿಂದೊಮ್ಮೆ ವಿವರಿಸಿರಲಿಲ್ಲವೇ? ಒಂದು ಕಿಟಕಿಯಿಂದ ಏನಾಗುತ್ತದೆ?

"ಎಫ್ರೆನ್, ಆ ಹುಡುಗಿ ನಂಬರು. ಜನರೇಟರಿನ ಹುಡುಗಿ. ಬೇಗ!"

ಎಫ್ರೆನ್ ಫೋನು ಹಚ್ಚಿದ. ಸಂಪರ್ಕ ಸಿಗುತ್ತಿಲ್ಲ. ಮತ್ತೆ ಹಚ್ಚಿದ. ಅದೇ ಉತ್ತರ. ಮೆಸೇಜು ಕಳಿಸಿದರೆ ಅದು ಹೋಗದೆ ಸುಮ್ಮನೆ ತಿರುಗುತ್ತಾ ನಿಂತಿತು.

ಅಷ್ಟರಲ್ಲಿ ಮೌನವಾದ ರೇಡಿಯೋ ಕೇಳಿ ಸ್ಟೇಷನ್ನಿನ ಯಜಮಾನ ತಿಯೋಫಿಲೊ ಕೆಳಗಿನಿಂದ ಓಡಿಬಂದ. ವಿಷಯ ತಿಳಿದು ಅವನ ಮುಖವೂ ಕಪ್ಪಿಟ್ಟಿತು. ಆದರೂ ತಗ್ಗಿದ ಧ್ವನಿಯಲ್ಲಿ, "ನೋಡು ಲುದಿ, ಜನರೇಟರನ್ನ ಮನೆ ಹೊರಗಿಡಿ ಅಂತ ಒಂದು ಸೂಚನೆ ಕೊಡು ಸಾಕು. ತಪ್ಪಾಯ್ತು ಅಂತೆಲ್ಲ ಹೇಳೋಕೆ ಹೋಗಬೇಡ. ನಾಳೆ ಸ್ಟೇಷನ್ ಬಾಗಿಲು ಹಾಕಿಸ್ತಾರೆ," ಎಂದ.

"ಅವಳು ರೇಡಿಯೋ ಆಫ್ ಮಾಡಿ ಮಲಗಿದಾಳೆ ಬಾಸ್. ಸೂಚನೆ ಯಾರಿಗೆ ಕೊಡಲಿ? ಬೇರೆಯೋರು ಓಡಬೇಕು. ಸೂಚನೆ ಕೇಳಿ ಯಾರಾದ್ರೂ ಓಡ್ತಾರಾ?"

ಅವನು ಬಾಯಿ ತೆರೆಯುವ ಮೊದಲೇ ಅವಳು ಮೈಕು ಹಚ್ಚಿದಳು.

"ನಾನು ಲುದಿ. ಈಗ ಸ್ವಲ್ಪ ಹೊತ್ತಿನ ಮುಂಚೆ ಒಬ್ಬ ಹುಡುಗಿಗೆ ಜನರೇಟರ್ ಅಡುಗೆಮನೇಲಿಡು ಅಂದೆ. ತಪ್ಪು ಹೇಳಿದೆ. ದೊಡ್ಡ ತಪ್ಪು. ಕಿಟಕಿ ತೆಗೆದಿದ್ರೂ ಆ ಹೊಗೆ ಜೀವ ತೆಗೆಯುತ್ತೆ. ಅವಳ ಹೆಸರು ಕೇಳಲಿಲ್ಲ ನಾನು, ಮನೆ ಎಲ್ಲಿ ಅಂತಲೂ ಕೇಳಲಿಲ್ಲ. ತಾಯಿಗೆ ಉಸಿರಾಟದ ಕಾಯಿಲೆ, ಆಕ್ಸಿಜನ್ ಮಷಿನ್ ಇದೆ, ಜನರೇಟರ್ ಎರವಲು ತಂದಿದಾರೆ. ಯಾರಿಗಾದ್ರೂ ಗೊತ್ತಿದ್ರೆ ಫೋನ್ ಮಾಡಿ. ಗೊತ್ತಿಲ್ದೇ ಇದ್ರೂ ಎದ್ದೇಳಿ. ಎಲ್ಲೇ ಮನೆ ಒಳಗೆ ಜನರೇಟರ್ ಸದ್ದು ಕೇಳಿದ್ರೂ ಬಾಗಿಲು ಬಡೀರಿ. ತೆಗೀಲಿಲ್ಲ ಅಂದ್ರೆ ಒಡೀರಿ. ಕೈಮುಗೀತೀನಿ, ಒಡೀರಿ."

ಅದನ್ನೇ ಹೇಳಿದಳು, ಮತ್ತೆ ಹೇಳಿದಳು. ಫೋನುಗಳು ಬರತೊಡಗಿದವು. ಬೆಟ್ಟದ ಬದಿಯಲ್ಲೊಬ್ಬಳಿಗೆ ಆಸ್ತಮಾ ಇದೆ, ಅವಳೇನಾ? ಅಲ್ಲ, ಅವಳ ಮನೆಯಲ್ಲಿ ಜನರೇಟರ್ ಇಲ್ಲ. ನಮ್ಮ ಮನೆಯದನ್ನು ಈಗ ತಾನೇ ಹೊರಗೆ ಎಳೆದೆವು ಮಾನಾ, ಮಗುವಿಗೆ ಆಗಲೇ ತಲೆನೋವು ಅಂತ ಅಳುತ್ತಿತ್ತು ಎಂದು ಒಬ್ಬ ಹೇಳಿದ. ಆ ಮಾತಿಗೆ ಸಮಾಧಾನ ಪಡುವಷ್ಟು ವ್ಯವಧಾನ ಅವಳಿಗಿರಲಿಲ್ಲ. ಇನ್ನೊಬ್ಬ ಬರೀ ಉಗಿಯಲೆಂದೇ ಮಾಡಿದ್ದ. "ರೇಡಿಯೋದಲ್ಲಿ ಕೂತು ಬಾಯಿಗೆ ಬಂದಿದ್ದು ಹೇಳೋದು, ಆಮೇಲೆ ಊರನ್ನೆಲ್ಲ ಓಡಿಸೋದು." ಅವನಿಗೂ ಅವಳು, "ಹೌದು ಮಾನೊ. ನಿಮ್ಮ ಅಕ್ಕಪಕ್ಕ ಒಂದ್ಸಲ ನೋಡಿ ಬನ್ನಿ," ಎಂದಳು.

ಕೊನೆಗೆ ಒಂದು ಗಡಸು ಧ್ವನಿ ಬಂತು. "ಜನರೇಟರ್ ನನ್ನದು. ದೋಣಿ ರಿಪೇರಿ ಮಾಡೋ ಸಿಲ್ವಿನೊ ನಾನು. ಅವಳು ಅನಲೀನ್, ಪಾಸಿತಮ್ಮನ ಮಗಳು. ಸಿಬು ಕಡೆ ಕೆಲಸದಲ್ಲಿದ್ಲು, ತಾಯಿ ನೋಡ್ಕೊಳ್ಳೋಕೆ ಬಂದಿದಾಳೆ. ಮನೆ ದೋಣಿ ನಿಲ್ಲೋ ದಕ್ಕೆ ಹಿಂದೆ, ಐಸ್ ಫ್ಯಾಕ್ಟರಿ ಗೋಡೆಗೆ ಅಂಟಿಕೊಂಡಿದೆ. ನಾನು ಹೊಳೆ ಆಚೆ ಸಿಕ್ಕಿಹಾಕ್ಕೊಂಡಿದೀನಿ ಮಾನಾ, ಸೇತುವೆ ಹೋಗಿದೆ. ಯಾರನ್ನಾದ್ರೂ ಕಳಿಸಿ, ಬೇಗ ಕಳಿಸಿ."

ಲುದಿವಿನಾ ವಿಳಾಸವನ್ನು ಕೂಗಿ ಹೇಳಿ, ಮೈಕನ್ನು ಎಫ್ರೆನ್ ಕೈಗೆ ಕೊಟ್ಟು ಮೆಟ್ಟಿಲಿಳಿದಳು. ದಕ್ಕೆ ದೂರವೇನಲ್ಲ. ಉಳಿದ ದಿನಗಳಲ್ಲಾದರೆ ಮೂರು ಗಾಲಿಯ ಬಾಡಿಗೆ ಟ್ರೈಸಿಕಲ್ಲಿನಲ್ಲಿ ಕೂತು ಮಾತು ಮುಗಿಸುವಷ್ಟರಲ್ಲಿ ತಲುಪುವ ಜಾಗ. ಈಗ ಬೀದಿಯ ತುಂಬ ತೆಂಗಿನ ಮರಗಳು ಅಡ್ಡಬಿದ್ದಿದ್ದವು. ಹತ್ತಿ ಇಳಿದು, ಮೊಣಕಾಲು ತರಚಿಕೊಂಡು, ಒಂದು ಚಪ್ಪಲಿ ಕೆಸರಿಗೆ ಕೊಟ್ಟು ಓಡಿದಳು. ಮಳೆ ಓರೆಯಾಗಿ ಮುಖಕ್ಕೆ ಬಡಿಯುತ್ತಿತ್ತು. ಮುರಿದ ಗೋಡೆಯ ಪಕ್ಕ ಪಾತ್ರೆ ತೊಳೆಯುತ್ತಿದ್ದ ಮುದುಕ, ರೇಡಿಯೋ ಕೇಳಿರಲಿಲ್ಲವೋ ಏನೋ, ಅವಳ ಗುರುತು ಹಿಡಿದು ಮುಖ ಅರಳಿಸಿದ.

"ಮಾನಾ ಲುದಿ! ಒಳ್ಳೇ ಹೊತ್ತಿಗೆ ಸಿಕ್ಕಿದ್ರಿ. ಬಾವಿ ನೀರು ಕುದಿಸಿದ್ರೆ ಸಾಕಾ, ಔಷಧಿನೂ ಹಾಕಬೇಕಾ?"

ಆಗತಾನೇ ರೇಡಿಯೋದಲ್ಲಿ ಹೇಳಲು ಹೊರಟಿದ್ದ ಉತ್ತರ ಅದು. ಅವಳು ಬಾಯಿ ತೆರೆದಳು. "ನಂಗೆ ಗೊತ್ತಿಲ್ಲ ತಾತಾ," ಎಂದಳು. "ಡಾಕ್ಟರನ್ನ ಕೇಳಿ. ನನ್ನ ಕೇಳಬೇಡಿ." ಮುದುಕ ಬೆಪ್ಪಾಗಿ ನೋಡುತ್ತಿದ್ದಂತೆ ಅವಳು ಮುಂದಿನ ಮರ ಹತ್ತುತ್ತಿದ್ದಳು.

ಐಸ್ ಫ್ಯಾಕ್ಟರಿಯ ಗೋಡೆ ಕಂಡಾಗ ಜನರೇಟರಿನ ಸದ್ದು ಕೇಳಿಸಲಿಲ್ಲ. ಜನ ಗುಂಪುಗೂಡಿದ್ದರು. ನೆರೆಯವರು ರೇಡಿಯೋ ಕೇಳಿ ಬಾಗಿಲು ಒಡೆದು, ಇಬ್ಬರನ್ನೂ ಹೊರಗೆ ಹೊತ್ತು ತಂದಿದ್ದರು. ಜನರೇಟರು ಅಂಗಳದ ಕೆಸರಿನಲ್ಲಿ ಅಡ್ಡಬಿದ್ದಿತ್ತು. ಎಳೆಯವಳು, ಅನಲೀನ್, ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ವಾಂತಿ ಮಾಡುತ್ತಿದ್ದಳು. ಯಾರೋ ಅವಳ ಬೆನ್ನು ನೀವುತ್ತಿದ್ದರು. ಪಕ್ಕದಲ್ಲಿ, ಒಡೆದ ಬಾಗಿಲಿನ ಹಲಗೆಯ ಮೇಲೆ ತಾಯಿಯನ್ನು ಮಲಗಿಸಿದ್ದರು. ಆರೋಗ್ಯ ಕೇಂದ್ರದ ಸೂಲಗಿತ್ತಿ ಎದೆ ಒತ್ತಿ ಒತ್ತಿ ಸೋತು, ಎರಡೂ ಕೈಗಳನ್ನು ತೊಡೆಯ ಮೇಲೆ ಚೆಲ್ಲಿ ಕೂತಿದ್ದಳು. ಲುದಿವಿನಾಳನ್ನು ನೋಡಿ ಇಲ್ಲವೆಂದು ತಲೆಯಾಡಿಸಿದಳು.

"ಎಷ್ಟೊತ್ತಾಯ್ತು?" ಎಂದು ಲುದಿವಿನಾ ಕೇಳಿದಳು.

ಆ ಧ್ವನಿಗೆ ಅನಲೀನ್ ತಲೆಯೆತ್ತಿದಳು. ಕಣ್ಣು ನೆಟ್ಟಗೆ ನಿಲ್ಲುತ್ತಿರಲಿಲ್ಲ. "ನೀವು... ರೇಡಿಯೋದ ಮಾನಾ ಅಲ್ವಾ?"

"ಹೂಂ."

"ಹಾಗಾದ್ರೆ ನೀವಾದ್ರೂ ಹೇಳಿ ಇವರಿಗೆ." ಅವಳು ಲುದಿವಿನಾಳ ಕೈಹಿಡಿದು ಹಲಗೆಯ ಕಡೆ ಎಳೆದಳು. "ಇವರೆಲ್ಲ ಏನೇನೋ ಅಂತಿದಾರೆ. ಅಮ್ಮನ ಮುಖ ನೋಡಿ. ಇಷ್ಟು ದಿನ ಬೂದಿ ಥರಾ ಇತ್ತು. ಈಗ ಕೆನ್ನೆ ಎಷ್ಟು ಕೆಂಪಗಿದೆ ನೋಡಿ. ಕೈಯೂ ಬೆಚ್ಚಗಿದೆ. ಇಷ್ಟು ಬಣ್ಣ ಇರೋರು ಸತ್ತಿರ್ತಾರಾ ಮಾನಾ?"

ಎಲ್ಲರೂ ಲುದಿವಿನಾಳ ಬಾಯಿಯನ್ನೇ ನೋಡುತ್ತಿದ್ದರು. ಮುದುಕಿಯ ಕೆನ್ನೆ ನಿಜಕ್ಕೂ ಕೆಂಪಾಗಿತ್ತು. ಬಿಸಿಲಿನಲ್ಲಿ ಓಡಾಡಿ ಈಗಷ್ಟೇ ಬಂದು ಮಲಗಿದವಳ ಹಾಗೆ. ಅದು ಯಾಕೆ ಹಾಗೆ ಎಂಬುದೂ ಲುದಿವಿನಾಳಿಗೆ ಗೊತ್ತಿತ್ತು. ಗೊತ್ತಿಲ್ಲ ಎಂದು ಇನ್ನೊಂದು ಸಲ ಹೇಳಿಬಿಡಬಹುದಿತ್ತು. ಹೇಳಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ.

ಅವಳು ಕೆಸರಿನಲ್ಲಿ ಮೊಣಕಾಲೂರಿದಳು.

"ಆ ಬಣ್ಣ ಹೊಗೆಯದು ಅನಲೀನ್. ಆ ವಿಷ ರಕ್ತಕ್ಕೆ ಸೇರಿದ್ರೆ ಹಾಗೆ ಕಾಣುತ್ತೆ. ಅಮ್ಮ ಹೋಗಿಬಿಟ್ಟಿದಾರೆ. ಒಳಗಿಡು ಅಂದಿದ್ದು ನಾನು. ನಾನು ತಪ್ಪು ಹೇಳಿದೆ."

ಅನಲೀನ್ ಅವಳನ್ನೇ ನೋಡಿದಳು. ಮಾತು ಕಿವಿಗೆ ಬಿದ್ದಿತೋ ಇಲ್ಲವೋ ತಿಳಿಯುವಂತಿರಲಿಲ್ಲ. ಬೈಯಲಿಲ್ಲ, ಕೈ ಬಿಡಲೂ ಇಲ್ಲ.

"ನಾನು ಕಿಟಕಿ ತೆಗೆದಿಟ್ಟಿದ್ದೆ," ಎಂದಳು.

"ಹೌದು."

"ನೀವು ಹೇಳಿದ ಹಾಗೇ ಮಾಡಿದೀನಿ. ಗಾಳಿಗೆ ಮುಚ್ಚಿಕೊಂಡುಬಿಟ್ರೆ ಅಂತ ಕೊಕ್ಕೆನೂ ಹಾಕಿದ್ದೆ. ಬೇಕಾದ್ರೆ ಹೋಗಿ ನೋಡಿ."

"ನೀನೇನೂ ತಪ್ಪು ಮಾಡಿಲ್ಲ."

"ಹೋಗಿ ನೋಡಿ ಮಾನಾ. ಕೊಕ್ಕೆ ಹಾಕಿದ್ದೆ."

ಗುಂಪಿನಲ್ಲಿದ್ದ ಒಬ್ಬ ಗಂಡಸು ಏನೋ ಕೆಟ್ಟ ಮಾತು ಆಡಿ ನೆಲಕ್ಕೆ ಉಗುಳಿದ. ಸೂಲಗಿತ್ತಿ ಅವನನ್ನು ಗದರಿದಳು. ಮತ್ತೊಬ್ಬ, ಹುಡುಗಿಯನ್ನಾದರೂ ಆಸ್ಪತ್ರೆಗೆ ಸಾಗಿಸಬೇಕು, ರಸ್ತೆ ಬಿಡಿಸಿ ಎಂದು ಕೂಗುತ್ತಾ ಹೊರಟ. ನಾಲ್ಕಾರು ಜನ ಮಚ್ಚು ಹಿಡಿದು ಅವನ ಹಿಂದೆ ಹೋದರು. ಮರ ಕಡಿಯುವ ಸದ್ದು ಕೇಳತೊಡಗಿತು. ಅನಲೀನಳ ತಲೆ ನಿಧಾನವಾಗಿ ವಾಲಿ ಲುದಿವಿನಾಳ ಭುಜದ ಮೇಲೆ ಬಂತು. ಅವಳ ಒದ್ದೆ ಕೂದಲಿನಿಂದ ಹೊಗೆಯ ವಾಸನೆ ಬರುತ್ತಿತ್ತು. "ಮಲಗಬೇಡ," ಎಂದು ಲುದಿವಿನಾ ಮೆಲ್ಲಗೆ ಅವಳ ಕೆನ್ನೆ ತಟ್ಟಿದಳು. "ಕಣ್ಣು ಬಿಟ್ಟಿರು. ಏನಾದ್ರೂ ಮಾತಾಡು."

ಮಳೆ ಜೋರಾಯಿತು. ಮುದುಕಿಯ ಮುಖದ ಮೇಲೆ ಹನಿಗಳು ಬಿದ್ದು, ತೆರೆದ ಬಾಯಿಯ ಅಂಚಿನಿಂದ ಇಳಿಯುತ್ತಿದ್ದವು. ನೆರೆಮನೆಯ ಹೆಂಗಸೊಬ್ಬಳು ಬಾಳೆಎಲೆಯೊಂದನ್ನು ಕಿತ್ತು ತಂದು, ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದಳು. ಲುದಿವಿನಾ ಖಾಲಿಯಿದ್ದ ಕೈ ಚಾಚಿ ಅದನ್ನು ಇಸಿದುಕೊಂಡಳು. ಗಾಳಿಗೆ ಆಗಲೇ ಅರ್ಧ ಸೀಳಿಹೋಗಿದ್ದ ಎಲೆ. ಅದನ್ನು ಮುದುಕಿಯ ಮುಖಕ್ಕೆ ಮರೆಯಾಗಿ ಹಿಡಿದಳು. ತೋಳು ಸೋತಾಗ ಮೊಣಕೈಯನ್ನು ಮಂಡಿಗೆ ಆನಿಸಿಕೊಂಡಳು. ಸೀಳಿನಿಂದ ನೀರು ಸೋರುವ ಕಡೆಗಳಲ್ಲಿ ಎಲೆಯನ್ನು ಅಷ್ಟಷ್ಟೇ ಸರಿಸುತ್ತಾ ಹಾಗೇ ಹಿಡಿದು ಕೂತಳು.